ರೈಲು ತಡವಾದರೆ ನಡೆಯುತ್ತೆ, ಕಾಗದ ತಡವಾದರೆ ನಡೆಯಲ್ಲ

ನಿಮ್ಮ ಪತ್ರ ನಾಲ್ಕೇ ಸಾಲು, ಉತ್ತರ ಅಷ್ಟರಲ್ಲಿ ಮುಗಿಯೋ ಹಾಗಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಮ್ಯೂನಿಕ್‌ಗೆ ಹೊರಟಿದ್ದೀರಿ. ವರ್ಷಕ್ಕೆ 70,000 ಯೂರೋ ಸಂಬಳ, ಬ್ಲೂ ಕಾರ್ಡ್ ವೀಸಾ, ಜೊತೆಗೆ ಹೆಂಡತಿ ಮತ್ತು ಐದು ವರ್ಷದ ಮಗಳು. ಈ ಸಂಬಳ ಸಾಕಾ, ಎಲ್ಲರೂ ಒಟ್ಟಿಗೆ ಬರೋದಾ ಇಲ್ಲ ನೀವೊಬ್ಬರೇ ಮುಂಚೆ ಬರೋದಾ, ವಲಸಿಗರ ವಿರುದ್ಧದ ಪಕ್ಷ ಅಷ್ಟು ಓಟು ತಗೊಂಡಿರೋ ದೇಶಕ್ಕೆ ಹೆಣ್ಣುಮಗು ಕಟ್ಟಿಕೊಂಡು ಬರಬಹುದಾ, ಗ್ರೈಂಡರ್ ತರಬಹುದಾ ಅಂತ ಕೇಳಿದ್ದೀರಿ. ನಿಮ್ಮ ತಲೆ ಕೊರೀತಿರೋದು ಮೂರನೆಯದು. ಮೊದಲ ಎರಡು ವರ್ಷದ ಮಟ್ಟಿಗೆ ನಿಜವಾಗಿ ಕೊರೆಯೋದು ಎರಡನೆಯದು.

ಸಂಬಳದ ಲೆಕ್ಕ ಮೊದಲು ಮುಗಿಸೋಣ. 70,000 ಅಂದರೆ ತಿಂಗಳಿಗೆ 5,833. ಪಿಂಚಣಿ, ನಿರುದ್ಯೋಗ ವಿಮೆ, ಆರೋಗ್ಯ ವಿಮೆ, ವಯಸ್ಸಾದ ಮೇಲಿನ ಆರೈಕೆಯ ವಿಮೆ, ಆಮೇಲೆ ಆದಾಯ ತೆರಿಗೆ, ಎಲ್ಲವನ್ನೂ ಕಂಪನಿಯೇ ಮುರಿದುಕೊಂಡು ಕೊಡುತ್ತೆ. ತೆರಿಗೆ ಎಷ್ಟು ಮುರೀಬೇಕು ಅಂತ ಕುಟುಂಬದ ಸ್ಥಿತಿ ನೋಡಿ ವರ್ಗ ಮಾಡಿದ್ದಾರೆ. ನೀವೊಬ್ಬರೇ ಇಲ್ಲಿದ್ದರೆ 1ನೇ ತೆರಿಗೆ ವರ್ಗ, ಕೈಗೆ ಸುಮಾರು 3,500. ಹೆಂಡತಿ ಬಂದು ಇಲ್ಲಿನ ವಿಳಾಸದಲ್ಲಿ ನೋಂದಣಿ ಆದಮೇಲೆ ಇಬ್ಬರಿಗೂ ತಾನಾಗಿ 4ನೇ ವರ್ಗ ಬೀಳುತ್ತೆ. ಅವರು ಕೆಲಸಕ್ಕೆ ಹೋಗದಿದ್ದರೆ ನಿಮಗೆ 3, ಅವರಿಗೆ 5 ಅಂತ ತೆರಿಗೆ ಕಚೇರಿಗೆ ಅರ್ಜಿ ಹಾಕಿ ಬದಲಿಸಿಕೊಳ್ಳಬೇಕು, ಆಗ ಕೈಗೆ ಸುಮಾರು 4,000. ಅರ್ಜಿ ಹಾಕದೆ ಕೂತರೂ ಆ ದುಡ್ಡು ಕಳೆದುಹೋಗಲ್ಲ, ಮುಂದಿನ ವರ್ಷ ರಿಟರ್ನ್ ಹಾಕಿದಾಗ ವಾಪಸ್ ಬರುತ್ತೆ. ಆದರೆ ಬಾಡಿಗೆ ಮುಂದಿನ ವರ್ಷದವರೆಗೆ ಕಾಯಲ್ಲ. ಇದರ ಮೇಲೆ ಮಗುವಿಗೆ ಅಂತ ಸರ್ಕಾರ ಕೊಡೋ ಭತ್ಯೆ, ಕಿಂಡರ್‌ಗೆಲ್ಡ್, 2026ರ ಜನವರಿಯಿಂದ ತಿಂಗಳಿಗೆ 259 ಯೂರೋ. ಅದನ್ನೂ ಕೇಳಿದವರಿಗೇ ಕೊಡೋದು, ಅದೂ ಹಿಂದಿನ 6 ತಿಂಗಳ ಬಾಕಿಯಷ್ಟೇ. ಒಂದು ವರ್ಷ ಮರೆತರೆ ಅರ್ಧ ವರ್ಷದ್ದು ಹೋಯಿತು.

ಇನ್ನು ಇದರಲ್ಲಿ ಮನೆ. ಮ್ಯೂನಿಕ್ ಜರ್ಮನಿಯ ಅತಿ ದುಬಾರಿ ಊರು. ಹೊಸದಾಗಿ ಹುಡುಕೋರಿಗೆ ಚದರ ಮೀಟರ್‌ಗೆ 20 ಯೂರೋ ದಾಟಿಯೇ ಬಾಡಿಗೆ ಶುರು. ಇಲ್ಲಿ ಕೋಣೆ ಎಣಿಸುವಾಗ ಹಾಲ್ ಕೂಡ ಒಂದು ಕೋಣೆ, ಅಡುಗೆಮನೆ ಬಚ್ಚಲು ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ ಮೂರು ಕೋಣೆ ಅಂದಿದ್ದರೆ ನಮ್ಮ ಲೆಕ್ಕದ ಎರಡು ಬೆಡ್‌ರೂಮ್ ಮನೆ. ಅಂಥದ್ದು 70 ಚದರ ಮೀಟರ್‌ನದು 1,500ಕ್ಕೆ ಸಿಕ್ಕರೆ ಪುಣ್ಯ. ಇದು ಕಾಲ್ಟ್‌ಮೀಟೆ, ಅಂದರೆ ಬರಿಗೋಡೆಯ ಬಾಡಿಗೆ. ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸೋದು ಸೇರಿ ಇನ್ನೊಂದು 250ರಿಂದ 300, ಕರೆಂಟು ಬೇರೆ, ಇಂಟರ್ನೆಟ್ ಬೇರೆ. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಆಕಾಶವಾಣಿ ದೂರದರ್ಶನದ ವಂತಿಗೆ. ನೀವು ವಿಳಾಸ ನೋಂದಾಯಿಸಿದ ಕೆಲವೇ ವಾರದಲ್ಲಿ ಅದರ ಪತ್ರ ಬರುತ್ತೆ. ಈ ದೇಶದಲ್ಲಿ ಹೇಳಿದ ಹೊತ್ತಿಗೆ ಬರೋದು ಅದೊಂದೇ ಅಂತ ಇಲ್ಲಿನವರೇ ನಗಾಡ್ತಾರೆ. ಎಲ್ಲ ಕಳೆದು ಮೂರು ಜನಕ್ಕೆ ಊಟ, ಓಡಾಟ, ವರ್ಷಕ್ಕೊಮ್ಮೆ ಊರಿನ ಟಿಕೆಟ್ ಸಾಗುತ್ತೆ. ಬೆಂಗಳೂರಿನಲ್ಲಿ ಕಟ್ಟುತ್ತಿರೋ ಫ್ಲ್ಯಾಟಿನ ಇಎಂಐ ಇದ್ದರೆ ಹೆಂಡತಿಯೂ ದುಡಿಯಬೇಕಾಗುತ್ತೆ. ಬ್ಲೂ ಕಾರ್ಡ್‌ನವರ ಸಂಗಾತಿಗೆ ಬಂದ ದಿನದಿಂದಲೇ ಕೆಲಸ ಮಾಡೋ ಹಕ್ಕಿದೆ, ಬರೋ ಮುಂಚೆ ಜರ್ಮನ್ ಪರೀಕ್ಷೆಯ ಷರತ್ತೂ ಇಲ್ಲ. ಕೆಲಸ ಸಿಗೋದಕ್ಕೆ ಮಾತ್ರ ಜರ್ಮನ್ ಬೇಕು, ಐಟಿಯವರು ಬಿಟ್ಟು ಬಾಕಿ ಎಲ್ಲರಿಗೂ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನೀವೊಬ್ಬರೇ ಮುಂಚೆ ಬನ್ನಿ. ಯಾಕೆ ಅಂದರೆ ಇಲ್ಲಿ ಒಂದು ಕಾಗದ ಇನ್ನೊಂದು ಕಾಗದದ ಬಾಲ ಹಿಡಿದುಕೊಂಡು ಬರುತ್ತೆ, ಎಲ್ಲದರ ತಲೆ ಮನೆ. ಮನೆ ಮಾಲೀಕರು ಈ ವ್ಯಕ್ತಿ ನನ್ನ ಮನೆಗೆ ಬಂದಿದ್ದಾರೆ ಅಂತ ಒಂದು ಹಾಳೆಗೆ ಸಹಿ ಹಾಕಿ ಕೊಡಬೇಕು. ಬಾಡಿಗೆ ಕರಾರು ಇದಕ್ಕೆ ಬದಲಿ ಆಗಲ್ಲ. ಆ ಹಾಳೆ ಇದ್ದರೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಅದಕ್ಕೆ ಅನ್‌ಮೆಲ್ಡುಂಗ್ ಅಂತಾರೆ, ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು. ನೋಂದಣಿ ಆದರೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತೆ. ಅದು ಕಂಪನಿಗೆ ಸಿಗದಿದ್ದರೆ ಸಂಬಳವನ್ನು 6ನೇ ವರ್ಗದಲ್ಲಿ, ಅಂದರೆ ಅತಿ ಹೆಚ್ಚು ತೆರಿಗೆ ಹಿಡಿದು ಕೊಡೋ ಪ್ರಸಂಗ ಬರಬಹುದು. ರೆಸಿಡೆನ್ಸ್ ಕಾರ್ಡ್, ಕಿಂಡರ್‌ಗೆಲ್ಡ್, ಶಾಲೆ, ಎಲ್ಲಕ್ಕೂ ಆ ನೋಂದಣಿಯ ಕಾಗದ ಬೇಕು. ಮೊದಲ ಎರಡು ಮೂರು ತಿಂಗಳಿಗೆ ಸಾಮಾನು ಸಮೇತದ ತಾತ್ಕಾಲಿಕ ಮನೆ ಹಿಡಿಯುವಾಗ ದರ ಕೇಳೋಕೆ ಮುಂಚೆ ಅನ್‌ಮೆಲ್ಡುಂಗ್ ಆಗುತ್ತಾ ಅಂತ ಕೇಳಿ. ಆಗಲ್ಲ ಅಂದರೆ ಅದು ಬರೀ ಹೋಟೆಲ್ ರೂಮು. ದುಡ್ಡಿಗೆ ಸುಳ್ಳು ವಿಳಾಸ ಬರೆದುಕೊಡೋರೂ ಇದ್ದಾರೆ. ಹಾಗೆ ಬರೆದುಕೊಡೋದಕ್ಕೆ ಕಾನೂನಿನಲ್ಲಿ 50,000 ಯೂರೋವರೆಗೆ ದಂಡ ಇದೆ, ಅತ್ತ ಹೋಗಬೇಡಿ.

ಈಗ ಬಹಳ ಜನ ಎಡವೋ ಜಾಗ. ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಫ್ಲ್ಯಾಟ್ ನಂಬರ್ ಅನ್ನೋದು ಸಾಮಾನ್ಯವಾಗಿ ಇರಲ್ಲ. ವಿಳಾಸ ಅಂದರೆ ಬೀದಿ, ಕಟ್ಟಡದ ಸಂಖ್ಯೆ, ಅಷ್ಟೇ. ಅಂಚೆಯವರು ಕೆಳಗಿನ ಡಬ್ಬಗಳ ಸಾಲಿನಲ್ಲಿ ಮನೆತನದ ಹೆಸರು ನೋಡಿ ಪತ್ರ ಹಾಕ್ತಾರೆ. ಡಬ್ಬದ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ವಿಳಾಸದಾರರು ಸಿಗಲಿಲ್ಲ ಅಂತ ಪತ್ರ ವಾಪಸ್. ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್, ವಿಮೆಯ ಕಾರ್ಡು, ಎಲ್ಲ ಹೀಗೇ ವಾಪಸ್ ಹೋಗೋದು, ಹೋಗಿದ್ದನ್ನು ಯಾರೂ ಫೋನ್ ಮಾಡಿ ಹೇಳಲ್ಲ. ಬೀಗದ ಕೈ ಸಿಕ್ಕ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಡಬ್ಬಕ್ಕೂ ಕರೆಗಂಟೆಗೂ ಅಂಟಿಸಿ. ಬರೆಯಬೇಕಾದ್ದು ನಿಮ್ಮನ್ನು ಮನೆಯಲ್ಲಿ ಕರೆಯೋ ಹೆಸರಲ್ಲ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಇರೋದು. ನಮ್ಮವರಿಗೆ ತೊಂದರೆ ಶುರುವಾಗೋದೇ ಅಲ್ಲಿ. ಒಬ್ಬರಿಗೆ ಇನಿಷಿಯಲ್ ಬಿಡಿಸಿದಾಗ ತಂದೆಯ ಹೆಸರು ಸರ್‌ನೇಮ್ ಆಗಿರುತ್ತೆ, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರಿಗೆ ಆ ಜಾಗ ಖಾಲಿ. ಗಂಡನಿಗೊಂದು, ಹೆಂಡತಿಗೊಂದು, ಮಗುವಿಗೆ ಮೂರನೆಯದೊಂದು. ಮೂರೂ ಹೆಸರು ಡಬ್ಬದ ಮೇಲೆ ಬರಲಿ, ಯಾರೂ ಏನೂ ಅನ್ನಲ್ಲ. ಅದಕ್ಕಿಂತ ಮುಖ್ಯವಾದ್ದು ಹೊರಡೋ ಮುಂಚೆ ಪಾಸ್‌ಪೋರ್ಟ್, ಡಿಗ್ರಿ, ಮದುವೆ ನೋಂದಣಿ ಪತ್ರ, ಮಗಳ ಜನನ ಪತ್ರ ನಾಲ್ಕರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯಾ ನೋಡೋದು. ಒಂದರಲ್ಲಿ ಗೌಡ, ಇನ್ನೊಂದರಲ್ಲಿ ಬರೀ ಜಿ ಅಂತಿದ್ದರೆ ಊರಿನಲ್ಲಿ ಒಂದು ಅಫಿಡವಿಟ್‌ನಲ್ಲಿ ಮುಗಿಯುತ್ತೆ. ಇಲ್ಲಿನ ಗುಮಾಸ್ತರ ಕಣ್ಣಿಗೆ ಅವರು ಬೇರೆ ಬೇರೆ ಇಬ್ಬರು ಮನುಷ್ಯರು. ಮದುವೆ ಛತ್ರದಲ್ಲಿ ಕೊಟ್ಟ ಕಾಗದ ನಡೆಯಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯದೇ ಬೇಕು.

ಮನೆ ಹುಡುಕಾಟದಲ್ಲಿ ಮೋಸದ ಮಾದರಿ ಒಂದೇ: ಒಳ್ಳೆಯ ಜಾಗ, ಚಂದದ ಫೋಟೋ, ಅರ್ಧ ಬಾಡಿಗೆ, ಮಾಲೀಕರು ವಿದೇಶದಲ್ಲಿದ್ದಾರೆ, ಮುಂಗಡ ಹಾಕಿದರೆ ಕೀ ಅಂಚೆಯಲ್ಲಿ ಬರುತ್ತೆ. ಬರಲ್ಲ. ಮನೆ ಒಳಗೆ ಕಾಲಿಡದೆ ಒಂದು ಯೂರೋ ಕಳಿಸಬೇಡಿ. ಮುಂಗಡ ಮೂರು ತಿಂಗಳ ಬರಿಬಾಡಿಗೆ ಮೀರೋ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡೋ ಹಕ್ಕು ನಿಮಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದವರಿಗೆ ಇದೊಂದು ಸಮಾಧಾನ. ಮಾಲೀಕರು ಗೊತ್ತುಮಾಡಿದ ದಲ್ಲಾಳಿಗೆ ನೀವು ದುಡ್ಡು ಕೊಡಬೇಕಿಲ್ಲ, 2015ರಿಂದ ಕರೆಸಿದವರೇ ಕೊಡಬೇಕು ಅಂತ ಕಾನೂನಿದೆ. ಶೂಫಾ ಅನ್ನೋ ಸಾಲದ ಇತಿಹಾಸದ ಪತ್ರ ಎಲ್ಲರೂ ಕೇಳ್ತಾರೆ, ಹೊಸಬರ ಹತ್ತಿರ ಇರಲ್ಲ. ಅದರ ಬದಲು ಕೆಲಸದ ಕರಾರು, ಮೂರು ತಿಂಗಳ ಸಂಬಳದ ಚೀಟಿ ಅಥವಾ ಕಂಪನಿಯ ಪತ್ರ, ಪಾಸ್‌ಪೋರ್ಟ್ ಪ್ರತಿ, ನಿಮ್ಮ ಬಗ್ಗೆ ಅರ್ಧ ಪುಟ, ಎಲ್ಲ ಒಂದೇ ಪಿಡಿಎಫ್‌ನಲ್ಲಿ ಸೇರಿಸಿಟ್ಟುಕೊಂಡು ಜಾಹೀರಾತು ಬಿದ್ದ ಗಂಟೆಯೊಳಗೆ ಕಳಿಸಿ.

ಮನೆ ಸಿಕ್ಕಿತು, ಬಾಗಿಲು ತೆಗೆದಿರಿ ಅಂತಿಟ್ಟುಕೊಳ್ಳಿ. ಅಡುಗೆಮನೆ ಅಂದದ್ದು ನಾಲ್ಕು ಗೋಡೆ, ನೀರಿನ ಪೈಪು, ಒಲೆಗೆ ಕರೆಂಟಿನ ಜೋಡಣೆ. ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟಿಲ್ಲ. ಚಾವಣಿಯಿಂದ ಬಲ್ಬಿನ ಜಾಗದಲ್ಲಿ ವೈರು ಜೋತುಬಿದ್ದಿರುತ್ತೆ. ಹಿಂದಿನ ಬಾಡಿಗೆದಾರರು ಅಡುಗೆಮನೆ ಬಿಚ್ಚಿಕೊಂಡು ಹೋಗೋದು ಇಲ್ಲಿನ ಪದ್ಧತಿ. ಬಿಟ್ಟುಹೋದರೆ ಅದಕ್ಕೆ ನಿಮ್ಮಿಂದ ದುಡ್ಡು ಕೇಳ್ತಾರೆ, ನ್ಯಾಯವಾದ ದರವಾದರೆ ಕೊಟ್ಟುಬಿಡಿ. ಹೊಸದು ಹಾಕಿಸೋದಕ್ಕೆ ಸಾವಿರಗಟ್ಟಲೆ ಯೂರೋ, ಬಡಗಿ ಬರೋದಕ್ಕೆ ವಾರಗಟ್ಟಲೆ ಸಮಯ.

ಅಲ್ಲಿಂದ ಮುಂದೆ ಚಳಿಗಾಲ. ಕೋಣೆಯ ಹೀಟರಿನ ತಿರುಗಣೆ ಮೇಲೆ 1ರಿಂದ 5 ಇರುತ್ತೆ. ಅದು ಫ್ಯಾನ್ ರೆಗ್ಯುಲೇಟರ್ ಅಲ್ಲ. 3 ಅಂದರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ ನಾಲ್ಕು ಡಿಗ್ರಿಯಷ್ಟು ವ್ಯತ್ಯಾಸ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗಲ್ಲ, 28 ಡಿಗ್ರಿ ಆಗೋವರೆಗೂ ಉರಿಯುತ್ತೆ, ಬಿಲ್ಲು ಮುಂದಿನ ವರ್ಷ ಬರುತ್ತೆ. ತಿಂಗಳು ತಿಂಗಳು ಕಟ್ಟೋದು ಅಂದಾಜಿನ ಮೊತ್ತ, ವರ್ಷದ ಲೆಕ್ಕ ಮುಗಿದ 12 ತಿಂಗಳೊಳಗೆ ಮಾಲೀಕರು ನಿಜವಾದ ಲೆಕ್ಕ ಕಳಿಸ್ತಾರೆ, ಮೊದಲ ಸಲ 500–600 ಯೂರೋ ಬಾಕಿ ನೋಡಿ ಗಾಬರಿಯಾಗೋರು ತುಂಬ ಜನ. ತಪ್ಪು ಕಂಡರೆ ತಕರಾರು ಹಾಕೋಕೆ ನಿಮಗೂ 12 ತಿಂಗಳು. ಬಾಡಿಗೆದಾರರ ಸಂಘದ ಸದಸ್ಯತ್ವ ಮೊದಲೇ ಮಾಡಿಸಿಟ್ಟರೆ ಅವರ ವಕೀಲರು ಓದಿ ಹೇಳ್ತಾರೆ.

ಇದಕ್ಕೇ ಅಂಟಿಕೊಂಡಿದ್ದು ಬೂಷ್ಟು. ಕುಕ್ಕರ್, ಇಡ್ಲಿ ಹಬೆ, ಒಳಗೇ ಒಣಗುವ ಬಟ್ಟೆ, ಬಿಸಿನೀರಿನ ಸ್ನಾನ, ನಮ್ಮ ಮನೆಗಳಲ್ಲಿ ತೇವ ಜಾಸ್ತಿ. ಇಲ್ಲಿನ ಮನೆ ಗಾಳಿಯಾಡದ ಹಾಗೆ ಮುಚ್ಚಿಟ್ಟ ಪೆಟ್ಟಿಗೆ. ಆ ತೇವ ಹೋಗಿ ಹೊರಗೋಡೆಯ ತಣ್ಣನೆ ಮೂಲೆಯಲ್ಲಿ, ಬೀರುವಿನ ಹಿಂದೆ ನೀರಾಗಿ ಕೂರುತ್ತೆ, ಡಿಸೆಂಬರ್ ಹೊತ್ತಿಗೆ ಕಪ್ಪು ಚುಕ್ಕೆ. ಕಿಟಕಿಯನ್ನು ಮೇಲಿಂದ ಸ್ವಲ್ಪ ವಾಲಿಸಿ ದಿನವಿಡೀ ಬಿಡೋದು ಎಲ್ಲರೂ ಮಾಡೋ ತಪ್ಪು, ಅದರಿಂದ ಗೋಡೆ ತಣ್ಣಗಾಗುತ್ತೆ, ತೇವ ಮಾತ್ರ ಹೋಗಲ್ಲ. ಹೀಟರ್ ಮುಚ್ಚಿ, ಎದುರುಬದುರು ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಬಿಡಿ, ದಿನಕ್ಕೆ ಮೂರು ಸಲ, ಅಡುಗೆಯಾದ ತಕ್ಷಣ ಒಂದು ಸಲ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡಿ. ಬೂಷ್ಟಿನ ಜಗಳದಲ್ಲಿ ಮೊದಲ ಪ್ರಶ್ನೆಯೇ ನೀವು ಗಾಳಿ ಆಡಿಸಿದಿರಾ ಅನ್ನೋದು. ಒಗ್ಗರಣೆಗೂ ಒಂದು ಮಾತು. ಒಲೆಯ ಮೇಲಿನ ಹೊಗೆಗೂಡು ಬಹಳ ಮನೆಗಳಲ್ಲಿ ಗಾಳಿಯನ್ನು ಹೊರಗೆ ಕಳಿಸಲ್ಲ, ಇದ್ದಿಲ ಪದರದಲ್ಲಿ ಸೋಸಿ ವಾಪಸ್ ಕೋಣೆಗೇ ಬಿಡುತ್ತೆ. ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ಅಡುಗೆಮನೆ ಬಾಗಿಲು ಹಾಕಿ ಕಿಟಕಿ ತೆಗೆಯಿರಿ. ಹೊಗೆ ಕಂಡರೆ ಕಿರುಚುವ ಯಂತ್ರ ಮಲಗೋ ಕೋಣೆಗಳಲ್ಲೂ ಪಡಸಾಲೆಯಲ್ಲೂ ಕಡ್ಡಾಯ, ಅದು ಬೆಂಕಿಗೂ ಸಾರಿನ ಪುಡಿಗೂ ಭೇದ ಮಾಡಲ್ಲ.

ಬಾಗಿಲಿನ ವಿಷಯ ಚಿಕ್ಕದಾದರೂ ದುಬಾರಿ. ಹೊರಗಡೆ ತಿರುಗದ ಗುಂಡು ಹಿಡಿಕೆ ಇರುತ್ತೆ. ಕಸ ಹಾಕೋಕೆ ಹೋದಾಗ ಗಾಳಿಗೆ ಬಾಗಿಲು ಬಿದ್ದರೆ ನೀವು ಹೊರಗೆ, ಕೀ ಒಳಗೆ. ಭಾನುವಾರ ರಾತ್ರಿ ಕರೆಸಿದ ಬೀಗದವರು ಕೇಳೋದು ಬಾಯಿಗೆ ಬಂದ ದರ. ಒಂದು ಕೀ ಪಕ್ಕದ ಮನೆಯವರ ಹತ್ತಿರ ಇಡಿ. ಕಟ್ಟಡದ ಕೀ ಕಳೆದರೆ ಇಡೀ ಕಟ್ಟಡದ ಬೀಗಗಳನ್ನೇ ಬದಲಿಸೋ ಖರ್ಚು ನಿಮ್ಮ ತಲೆಗೆ ಬರಬಹುದು. ಅದಕ್ಕೇ ಹಾಫ್ಟ್‌ಫ್ಲಿಷ್ಟ್ ಅನ್ನೋ ಹೊಣೆ ವಿಮೆ ಮೊದಲ ತಿಂಗಳೇ ಮಾಡಿಸಿ, ಕುಟುಂಬಕ್ಕೆ ವರ್ಷಕ್ಕೆ ನೂರು ಯೂರೋ ಒಳಗೇ ಸಿಗುತ್ತೆ. ಕೀ ಕಳೆದದ್ದು ಸೇರಿದೆಯಾ ಅಂತ ಓದಿ ಸಹಿ ಹಾಕಿ.

ಆರೋಗ್ಯ ವಿಮೆಯಲ್ಲಿ ನಿಮಗೆ ಆಯ್ಕೆಯ ತಲೆನೋವಿಲ್ಲ. 2026ಕ್ಕೆ ವರ್ಷಕ್ಕೆ 77,400 ಯೂರೋ ದಾಟದವರು ಸಾರ್ವಜನಿಕ ವಿಮೆಯಲ್ಲೇ ಇರಬೇಕು. ಆದಾಯವಿಲ್ಲದ ಹೆಂಡತಿ, ಮಗು ಈಗಿನ ನಿಯಮದಲ್ಲಿ ಬೇರೆ ಕಂತಿಲ್ಲದೆ ಸೇರ್ತಾರೆ. ತಜ್ಞ ವೈದ್ಯರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತೆ. 116117ಕ್ಕೆ ಫೋನ್ ಮಾಡಿದರೆ ಬೇಗದ ದಿನ ಹುಡುಕಿಕೊಡ್ತಾರೆ, ರಾತ್ರಿ ಜ್ವರಕ್ಕೂ ಅದೇ ಸಂಖ್ಯೆ, ಜೀವಕ್ಕೆ ಅಪಾಯವಾದರೆ 112. ಚೀಟಿ ಇಲ್ಲದೆ ಆಂಟಿಬಯೋಟಿಕ್ ಸಿಗಲ್ಲ. ನೆಗಡಿಗೆ ಹೋದರೆ ಡಾಕ್ಟರು ಬಿಸಿ ಟೀ ಕುಡಿದು ಮಲಗಿ ಅಂತಾರೆ, ಜೊತೆಗೆ ಮೂರು ದಿನ ರಜೆಯ ಚೀಟಿ. ಮೊದಲನೆಯದಕ್ಕೆ ಬೈಯೋ ನಮ್ಮವರು ಎರಡನೆಯದನ್ನು ಬೇಗ ಒಗ್ಗಿಸಿಕೊಳ್ತಾರೆ.

ಮಗಳ ವಿಷಯಕ್ಕೆ ಬರೋಣ. ಸೆಪ್ಟೆಂಬರ್ 30ಕ್ಕೆ ಆರು ತುಂಬಿದ ಮಗು ಮ್ಯೂನಿಕ್ ಇರೋ ಬವೇರಿಯಾ ರಾಜ್ಯದಲ್ಲಿ ಆ ವರ್ಷವೇ ಶಾಲೆಗೆ ಹೋಗಬೇಕು. ಜುಲೈನಿಂದ ಸೆಪ್ಟೆಂಬರ್ ಒಳಗೆ ಹುಟ್ಟಿದ್ದರೆ ಒಂದು ವರ್ಷ ತಡ ಮಾಡೋ ಅವಕಾಶ ತಂದೆತಾಯಿಗೆ ಇದೆ, ಭಾಷೆ ಬಾರದ ಮಗುವಿಗೆ ಅದನ್ನು ಬಳಸಿಕೊಳ್ಳೋದೇ ಒಳ್ಳೇದು. ಆ ವರ್ಷ ಶಿಶುವಿಹಾರದಲ್ಲಿ ಜರ್ಮನ್ ಬರುತ್ತೆ. ಜರ್ಮನ್ ಬೇಗ ಕಲಿಸೋ ಆತುರಕ್ಕೆ ಕಾರಣ ಇದೆ. ಬವೇರಿಯಾದಲ್ಲಿ ನಾಲ್ಕನೇ ತರಗತಿಯ ಮೇ ತಿಂಗಳಿನಲ್ಲಿ ಜರ್ಮನ್, ಗಣಿತ, ಪರಿಸರ ಪಾಠ ಮೂರರ ಸರಾಸರಿ 2.33ರೊಳಗಿದ್ದರೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಒಯ್ಯೋ ಗಿಮ್ನಾಸಿಯಂ ಶಾಲೆ, 2.66ರೊಳಗಿದ್ದರೆ ಮಧ್ಯಮ ಮಟ್ಟದ ರಿಯಾಲ್‌ಶೂಲೆ. ಇಲ್ಲಿ 1 ಅತ್ಯುತ್ತಮ, 6 ಅತಿ ಕೆಟ್ಟದ್ದು. ಆಮೇಲೆ ದಾರಿ ಬದಲಿಸಬಹುದು, ಸುಲಭವಲ್ಲ. ಹತ್ತು ವರ್ಷದ ಮಕ್ಕಳನ್ನು ಹೀಗೆ ಬೇರ್ಪಡಿಸೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ, ಆದರೆ ನಿಯಮ ನಮ್ಮನ್ನು ಕೇಳಿ ಮಾಡಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡಿ. ನಿಮ್ಮ ಅರೆಬರೆ ಜರ್ಮನ್ ಕೇಳಿ ಮಗು ಕಲಿಯೋದು ಏನೂ ಇಲ್ಲ.

ಇನ್ನೊಂದು. ಶಾಲೆ ಶುರುವಾದ ಮೇಲೆ ಅಗ್ಗದ ಟಿಕೆಟ್ ಅಂತ ಕ್ರಿಸ್‌ಮಸ್ ರಜೆಗೆ ನಾಲ್ಕು ದಿನ ಮುಂಚೆ ಊರಿಗೆ ಹೊರಡೋ ಹಾಗಿಲ್ಲ. ಅನುಮತಿಯಿಲ್ಲದೆ ಶಾಲೆ ತಪ್ಪಿಸೋದು ದಂಡಾರ್ಹ, ಬವೇರಿಯಾದಲ್ಲಿ ರಜೆಯ ಹಿಂದಿನ ದಿನಗಳಲ್ಲಿ ಪೊಲೀಸರು ವಿಮಾನ ನಿಲ್ದಾಣದಲ್ಲೇ ಶಾಲಾ ಮಕ್ಕಳಿರೋ ಕುಟುಂಬಗಳನ್ನು ನಿಲ್ಲಿಸಿ ಕೇಳಿದ್ದಿದೆ. ತಂಗಿ ಮದುವೆ ಇದ್ದರೆ ಲಗ್ನಪತ್ರಿಕೆ ಲಗತ್ತಿಸಿ ಮುಖ್ಯೋಪಾಧ್ಯಾಯರಿಗೆ ಮೊದಲೇ ಅರ್ಜಿ ಕೊಡಿ, ಅಂಥದ್ದಕ್ಕೆ ಒಪ್ಪೋದುಂಟು.

ಈಗ ರಾಜಕೀಯ. 2000ದಲ್ಲಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ 20,000 ಐಟಿಯವರಿಗೆ ಗ್ರೀನ್ ಕಾರ್ಡ್ ಕೊಡ್ತೀವಿ ಅಂದಾಗ, ಸಿಡಿಯು ಪಕ್ಷದ ಯುರ್ಗನ್ ರುಟ್‌ಗರ್ಸ್ ಅವರ ಚುನಾವಣಾ ಪ್ರಚಾರದಲ್ಲಿ ಕೇಳಿಬಂದ ಘೋಷಣೆ, ಭಾರತೀಯರ ಬದಲು ನಮ್ಮ ಮಕ್ಕಳು ಅನ್ನೋದು. ಆ ಮಕ್ಕಳು ಹುಟ್ಟಲೇ ಇಲ್ಲ. 2024ರಲ್ಲಿ ಇಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.35 ಮಗು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತದ ಕುಶಲ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸ್ತೀವಿ ಅಂತ ಪ್ರಕಟಿಸಿದರು. ನಾಲ್ಕು ತಿಂಗಳು ಕಳೆದು, 2025ರ ಫೆಬ್ರುವರಿ 23ರ ಚುನಾವಣೆಯಲ್ಲಿ ನೀವು ಹೇಳಿದ ಎಎಫ್‌ಡಿ ಪಕ್ಷಕ್ಕೆ 20.8 ಶೇಕಡಾ ಓಟು, ಎರಡನೇ ಸ್ಥಾನ. ಬನ್ನಿ ಅನ್ನೋದೂ ಹೋಗಿ ಅನ್ನೋದೂ ಒಂದೇ ಬಾಯಿಂದ ಬರ್ತಿರೋ ದೇಶ ಇದು. ಎರಡೂ ನಿಜ.

ಎಎಫ್‌ಡಿ ಮೊದಲ ಸ್ಥಾನಕ್ಕೆ ಬಂದಿರೋದು ಪೂರ್ವದ ಐದು ರಾಜ್ಯಗಳಲ್ಲಿ. ಮ್ಯೂನಿಕ್ ನಗರದಲ್ಲಿ ಅದರ ಬಲ ದೇಶದ ಸರಾಸರಿಗಿಂತ ಬಹಳ ಕಡಿಮೆ. ಬೀದಿಯಲ್ಲಿ ಮಗು ಕೈ ಹಿಡಿದು ಓಡಾಡೋದಕ್ಕೆ ಮ್ಯೂನಿಕ್ ಈಗಲೂ ಸುರಕ್ಷಿತ ಊರು. ಚುಚ್ಚುಮಾತು ಯಾವತ್ತೂ ಕೇಳಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಕಂದು ಬಣ್ಣದವರ ಹೆಸರು ನೋಡಿ ಮನೆ ತೋರಿಸೋಕೆ ಕರೆಯದೆ ಇರೋದು ಅದಕ್ಕಿಂತ ಹೆಚ್ಚು. ರಾಜಕೀಯ ನಿಮ್ಮನ್ನು ಮುಟ್ಟೋದು ಕಾನೂನಿನ ಮೂಲಕ. 2024ರ ಜೂನ್ 27ರಿಂದ ಪೌರತ್ವಕ್ಕೆ 8 ವರ್ಷದ ಬದಲು 5 ಸಾಕು, ಚೆನ್ನಾಗಿ ಬೆರೆತವರಿಗೆ 3 ಅಂತ ಆಯಿತು. ಆ ಸರ್ಕಾರ ಹೋಗಿ ಫ್ರೀಡ್ರಿಷ್ ಮೆರ್ಜ್ ಚಾನ್ಸಲರ್ ಆಗಿ ಬಂದರು, 2025ರ ಅಕ್ಟೋಬರ್‌ನಲ್ಲಿ 3 ವರ್ಷದ ದಾರಿ ಮುಚ್ಚಿತು. ಈ ಮೆರ್ಜ್ ಅವರೇ 2025ರ ಮೇ 6ರಂದು ಸಂಸತ್ತಿನಲ್ಲಿ ಚಾನ್ಸಲರ್ ಆಯ್ಕೆಯ ಮೊದಲ ಸುತ್ತಿನ ಮತದಾನದಲ್ಲಿ ಸೋತರು. 316 ಬೇಕಿತ್ತು, 310 ಬಿತ್ತು. ಗುಪ್ತ ಮತದಾನ, ತಮ್ಮವರೇ ಕೈಕೊಟ್ಟರು, ಈ ಗಣರಾಜ್ಯದಲ್ಲಿ ಹಾಗಾದದ್ದು ಅದೇ ಮೊದಲು. ಮಧ್ಯಾಹ್ನ ಎರಡನೇ ಸುತ್ತಿನಲ್ಲಿ ಗೆದ್ದರು. ಮತದಾನಕ್ಕೆ ಮುಂಚೆ ಶಾಸಕರನ್ನು ಬಸ್ಸು ಹತ್ತಿಸಿ ರೆಸಾರ್ಟ್‌ಗೆ ಸಾಗಿಸೋ ವಿದ್ಯೆ ಇಲ್ಲಿಗಿನ್ನೂ ಬಂದಿಲ್ಲ.

ಕಾನೂನು ಹೀಗೆ ಬದಲಾಗೋದರಿಂದ ನಿಮಗೆ ತಿಳಿಯಬೇಕಾದ್ದು: ಕೊಟ್ಟಿರೋ ಹಕ್ಕನ್ನು ಮುಂದೂಡದೆ ತಗೊಳ್ಳಿ. ಬ್ಲೂ ಕಾರ್ಡ್‌ನವರಿಗೆ ಬಿ1 ಮಟ್ಟದ, ಅಂದರೆ ದಿನಬಳಕೆಗೆ ಸಾಕಾಗೋಷ್ಟು ಜರ್ಮನ್ ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ, ತೀರ ಶುರುವಿನ ಎ1 ಮಾತ್ರ ಇದ್ದರೆ 27. ಬಂದ ತಿಂಗಳೇ ಭಾಷೆ ತರಗತಿಗೆ ಸೇರಿ, ಕಂಪನಿಯಲ್ಲಿ ಎಲ್ಲರೂ ಇಂಗ್ಲಿಷ್ ಆಡ್ತಾರೆ ಅನ್ನೋ ಮಾತು ಕಂಪನಿಯ ಗೇಟಿನವರೆಗೆ ಮಾತ್ರ. ಕಾರ್ಡಿನ ಅವಧಿ ಮುಗಿಯೋಕೆ ಎರಡು ಮೂರು ತಿಂಗಳು ಮುಂಚೆಯೇ ನವೀಕರಣದ ಅರ್ಜಿ ಹಾಕಿ. ಕಚೇರಿ ತಡ ಮಾಡಿದರೆ ಮಧ್ಯಂತರ ಪತ್ರ ಕೊಡ್ತಾರೆ. ಅದರಲ್ಲಿ ವಾಸದ ಕಾನೂನಿನ 81ನೇ ಕಲಮಿನ ಎಷ್ಟನೇ ಉಪಕಲಮಿಗೆ ಗುರುತು ಹಾಕಿದ್ದಾರೆ ಅಂತ ನೋಡಿ. 4 ಅಂತಿದ್ದರೆ ಊರಿಗೆ ಹೋಗಿ ಬರಬಹುದು. 3 ಅಂತಿದ್ದರೆ ಹೋಗಬಹುದು, ಅದರ ಮೇಲೆ ವಾಪಸ್ ಬರೋಕಾಗಲ್ಲ. 2024ರ ಸೆಪ್ಟೆಂಬರ್‌ನಿಂದ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಇರೋದರಿಂದ ಭಾನುವಾರ ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ನೋಡಿಬರೋಕೆ ಹೊರಟರೂ ಪಾಸ್‌ಪೋರ್ಟ್, ಕಾರ್ಡು ಎರಡೂ ಜೇಬಿನಲ್ಲಿರಲಿ.

ರೈಲಿನ ಕೀರ್ತಿ ನೀವು ಕೇಳಿರೋದು ಹಳೇ ಕಾಲದ್ದು. 2024ರಲ್ಲಿ ಇಲ್ಲಿನ ಸರ್ಕಾರಿ ರೈಲು ಕಂಪನಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು 62.5 ಶೇಕಡಾ. ಆರು ನಿಮಿಷದೊಳಗಿನ ತಡ ತಡವಲ್ಲ, ರದ್ದಾದ ರೈಲು ಲೆಕ್ಕಕ್ಕೇ ಇಲ್ಲ, ಇಷ್ಟೆಲ್ಲ ಉದಾರವಾಗಿ ಎಣಿಸಿಯೂ ಅಷ್ಟು. 2009ರಲ್ಲಿ ಸಂವಿಧಾನಕ್ಕೇ ಸಾಲದ ಮಿತಿ ಸೇರಿಸಿಕೊಂಡು, ಹಳಿ, ಸೇತುವೆಗಳ ರಿಪೇರಿಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಿದ ಫಲ. 2024ರ ಸೆಪ್ಟೆಂಬರ್‌ನಲ್ಲಿ ಡ್ರೆಸ್ಡೆನ್‌ನ ಕರೋಲಾ ಸೇತುವೆಯ ಒಂದು ಭಾಗ ರಾತ್ರೋರಾತ್ರಿ ಎಲ್ಬೆ ನದಿಗೆ ಬಿತ್ತು. 2025ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಿ 500 ಶತಕೋಟಿ ಯೂರೋ ಸಾಲಕ್ಕೆ ದಾರಿ ಮಾಡಿಕೊಂಡಿದ್ದಾರೆ. ಈಗ ಎಲ್ಲ ಕಡೆ ಒಟ್ಟಿಗೆ ಅಗೆಯೋದರಿಂದ ತಡ ಇನ್ನೂ ಜಾಸ್ತಿ. ಸ್ಟುಟ್‌ಗಾರ್ಟ್‌ನ ಹೊಸ ನಿಲ್ದಾಣ 2019ಕ್ಕೆ ಮುಗಿಯಬೇಕಿತ್ತು, ಇನ್ನೂ ತೆರೆದಿಲ್ಲ. ಈಜಿಪುರ ಫ್ಲೈಓವರ್ ನೋಡಿ ಬಂದ ನಿಮಗೆ ಇದೇನು ಹೊಸದಲ್ಲ. ವಿಮಾನ ಹಿಡಿಯೋದಿದ್ದರೆ ಬೇಕಾದ ರೈಲಿಗಿಂತ ಒಂದು ಮುಂಚಿನದು ಹತ್ತಿ. 60 ನಿಮಿಷ ತಡವಾದರೆ ಟಿಕೆಟಿನ ಕಾಲುಭಾಗ, 120 ಆದರೆ ಅರ್ಧ ವಾಪಸ್, ಕೇಳಿದರೆ ಕೊಡ್ತಾರೆ. ಮುಂಚಿತ ಅಗ್ಗದ ಟಿಕೆಟ್ ಇದ್ದು 20 ನಿಮಿಷ ತಡವಾಗೋ ಸೂಚನೆ ಬಂದರೆ ಬೇರೆ ರೈಲು ಹತ್ತೋ ಸ್ವಾತಂತ್ರ್ಯ ಇದೆ. ಊರೊಳಗೆ ಮತ್ತು ಪ್ರಾದೇಶಿಕ ರೈಲುಗಳಿಗೆ ತಿಂಗಳಿಗೆ 63 ಯೂರೋ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. ತಾನಾಗಿ ಮುಂದುವರಿಯುವ ಟಿಕೆಟ್ ಅದು, ಬೇಡವಾದರೆ ಹಿಂದಿನ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. ಅದರಲ್ಲೇ ರೈಲು ಬದಲಿಸಿಕೊಂಡು ಟ್ಯೂಬಿಂಗನ್‌ಗೂ ಹೋಗಿಬರಬಹುದು, ನಮ್ಮ ನಿಘಂಟಿನ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡ ಊರು.

ಕಾರು ಓಡಿಸೋ ಆಸೆ ಇದ್ದರೆ, ನಿಮ್ಮ ಲೈಸೆನ್ಸ್ ನಡೆಯೋದು ಆರು ತಿಂಗಳು. ಆಮೇಲೆ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ, ತರಗತಿ ಸೇರಿದರೆ ಖರ್ಚು ಸಣ್ಣದಲ್ಲ.

ಊರಿನ ಲೆಕ್ಕವನ್ನೂ ಸರಿಮಾಡಿ ಬನ್ನಿ. ಸಾಧಾರಣ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಬೇಕು, ಎಫ್‌ಡಿ ಬಡ್ಡಿಯನ್ನು ಜರ್ಮನ್ ರಿಟರ್ನ್‌ನಲ್ಲೂ ತೋರಿಸಬೇಕು. ಹಾಸನದ ಕಡೆ ಎರಡು ಎಕರೆ ತೋಟ ತಗೊಳ್ಳೋ ಯೋಚನೆ ಇದ್ದರೆ ಹೊರಡೋ ಮುಂಚೆಯೇ ತಗೊಳ್ಳಿ. 2020ರಲ್ಲಿ ಕರ್ನಾಟಕ ಕೃಷಿಕರಲ್ಲದವರಿಗೂ ಜಮೀನು ಕೊಳ್ಳೋ ಬಾಗಿಲು ತೆರೆಯಿತು ನಿಜ, ಆದರೆ ಹೊರದೇಶದಲ್ಲಿ ನೆಲೆಸಿದವರು ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳೋಕೆ ವಿದೇಶಿ ವಿನಿಮಯದ ನಿಯಮ ಬಿಡಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮುಂದೆ ಜರ್ಮನ್ ಪೌರತ್ವ ತಗೊಂಡರೂ ಅದೇ ಕಥೆ. ಜರ್ಮನಿ ಎರಡು ಪೌರತ್ವ ಒಪ್ಪುತ್ತೆ, ಭಾರತ ಒಪ್ಪಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್, ಅಂದರೆ ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡೋ ಕಾರ್ಡ್ ಮಾಡಿಸಬೇಕು, ಅದರಲ್ಲೂ ಜಮೀನು ಕೊಳ್ಳೋ ಹಾಗಿಲ್ಲ.

ಗ್ರೈಂಡರ್ ಖಂಡಿತ ತನ್ನಿ. ಇಲ್ಲೂ 230 ವೋಲ್ಟ್, 50 ಹರ್ಟ್ಜ್, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ನಮ್ಮ ಮೂರು ಕಡ್ಡಿಯ ಪ್ಲಗ್ ಇಲ್ಲಿನ ಸಾಕೆಟ್‌ಗೆ ಕೂರಲ್ಲ. ಪ್ರವಾಸಿಗರ ಸಣ್ಣ ಅಡಾಪ್ಟರಿನಲ್ಲಿ ಬಹುತೇಕ ಅರ್ಥಿಂಗ್ ಇರಲ್ಲ, ಒದ್ದೆ ಕೈಯಲ್ಲಿ ಮುಟ್ಟೋ ಯಂತ್ರಕ್ಕೆ ಅದು ಬೇಡ. ಕರೆಂಟಿನವರಿಂದ ಇಲ್ಲಿನ ಪ್ಲಗ್ ಹಾಕಿಸಿ. ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಪೆಟ್ಟಿಗೆಗೆ ಹಾಕಿ, ಇಲ್ಲದಿದ್ದರೆ ಡ್ರಮ್ಮಿನ ಅಂಚು ನೆಗ್ಗುತ್ತೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರ ಪೂರ್ತಿ ಸದ್ದು ಮಾಡೋ ಹಾಗಿಲ್ಲ, ಆದ್ದರಿಂದ ರುಬ್ಬೋದು ಶನಿವಾರ ಮಧ್ಯಾಹ್ನ. ಅಂಗಡಿಗಳೂ ಬವೇರಿಯಾದಲ್ಲಿ ರಾತ್ರಿ 8ಕ್ಕೆ ಮುಚ್ಚಿ, ಭಾನುವಾರ ತೆರೆಯೋದೇ ಇಲ್ಲ, ಚಟ್ನಿಗೆ ಕಾಯಿ ಮೊದಲೇ ತಂದಿಡಿ. ಚಳಿಗಾಲದಲ್ಲಿ 20 ಡಿಗ್ರಿಯಲ್ಲಿ ಹಿಟ್ಟು ಉಬ್ಬಲ್ಲ. ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟರೆ 12ರಿಂದ 14 ಗಂಟೆಯಲ್ಲಿ ಉಬ್ಬುತ್ತೆ. ಅಕ್ಕಿ, ಉದ್ದಿನಬೇಳೆ, ರಾಗಿಹಿಟ್ಟು ಎಲ್ಲ ಇಲ್ಲಿನ ಭಾರತೀಯ, ಶ್ರೀಲಂಕಾ ಅಂಗಡಿಗಳಲ್ಲಿ ಸಿಗುತ್ತೆ, ಅದಕ್ಕೆ ತೂಕ ಹಾಳುಮಾಡಬೇಡಿ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ತರಬಹುದು. ತುಪ್ಪ, ಹಾಲಿನ ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರೋದಕ್ಕೆ ಇಡೀ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ. ಮಾವಿನಹಣ್ಣು, ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅತ್ತೆಯವರು ಪ್ರೀತಿಯಿಂದ ಪೆಟ್ಟಿಗೆಗೆ ತುರುಕಿದ ಕಟ್ಟಿನ ಜೊತೆ ಅದು ಬರಲ್ಲ. ಕರಿಬೇವನ್ನು ಒಣಗಿಸಿ ಪುಡಿಮಾಡಿ ತನ್ನಿ.